ನಗರ ಬೆಳೆಯುವುದನ್ನು ತಡೆಯಬೇಕಾ, ಮೊದಲೇ ಜಾಗ ಬಿಟ್ಟಿಡಬೇಕಾ?

ನಕ್ಷೆಹುಚ್ಚ:
ತುಂಬಾ ದಿನದಿಂದ ತಲೆ ಕೊರೆಯುತ್ತಿದ್ದ ವಿಷಯ, ಇವತ್ತು ಬರೆದೇಬಿಡೋಣ ಅಂತ ಕೂತಿದ್ದೇನೆ. ನಗರಗಳ ಬಗ್ಗೆ ಎಲ್ಲಿ ಮಾತು ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. "ಹಳ್ಳಿಯಿಂದ ಬರುವವರನ್ನು ತಡೆದರೆ ಎಲ್ಲ ಸರಿಹೋಗುತ್ತೆ." ಇದು ಅರ್ಧ ಸತ್ಯ. ಅದೂ ಕೆಲಸಕ್ಕೆ ಬಾರದ ಅರ್ಧ.

ಮೊದಲು ಅಳತೆ ನೋಡಿ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 1950ರಲ್ಲಿ ನಗರಗಳಲ್ಲಿದ್ದವರು ಸುಮಾರು 75 ಕೋಟಿ ಜನ, 2018ರ ಹೊತ್ತಿಗೆ 420 ಕೋಟಿ. 2007ರ ಸುಮಾರಿಗೆ ಲೋಕದ ಅರ್ಧ ಜನ ನಗರದವರಾದರು. ಇವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಂದವರಾ? ನಗರಕ್ಕೆ ಜನ ಸೇರುವ ಬಾಗಿಲು ಮೂರಿವೆ. ವಲಸೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಲ್ಲೇ ಹುಟ್ಟುವ ಮಕ್ಕಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1700ರ ಆಸುಪಾಸಿನ ಲಂಡನ್‌ನಲ್ಲಿ ಹುಟ್ಟುವವರಿಗಿಂತ ಸಾಯುವವರೇ ಜಾಸ್ತಿ ಇದ್ದರು, ಹೊರಗಿನವರು ಬರದಿದ್ದರೆ ಆ ಊರು ಕರಗಿಹೋಗುತ್ತಿತ್ತು. ಈಗ ಲಸಿಕೆ ಇದೆ, ಆಸ್ಪತ್ರೆ ಇದೆ, ಮಕ್ಕಳು ಬದುಕುತ್ತಾರೆ. ಎಷ್ಟೋ ಬಡ ದೇಶಗಳಲ್ಲಿ ನಗರದ ಬೆಳವಣಿಗೆಯ ಅರ್ಧಕ್ಕಿಂತ ಹೆಚ್ಚು ಪಾಲು ಹೀಗೆ ಒಳಗಿನಿಂದಲೇ ಬರುತ್ತದೆ.

ಮೂರನೆಯದು ತಮಾಷೆ. ಜನ ಎಲ್ಲೂ ಹೋಗುವುದಿಲ್ಲ, ನಗರವೇ ಅವರ ಮನೆ ಬಾಗಿಲಿಗೆ ಬರುತ್ತದೆ. ಪಕ್ಕದ ಹಳ್ಳಿ ಕಾಗದದಲ್ಲಿ ಪಟ್ಟಣವಾಗುತ್ತದೆ. ಡೆನ್ಮಾರ್ಕ್‌ನಲ್ಲಿ 200 ಜನ ಒತ್ತಾಗಿ ಇದ್ದರೆ ಅದು ನಗರ ಪ್ರದೇಶ. ಜಪಾನಿನಲ್ಲಿ ನಗರ ಅನ್ನಿಸಿಕೊಳ್ಳಲು 50,000 ಬೇಕು. ಹಾಗಾಗಿ ಎರಡು ದೇಶದ ನಗರದ ಲೆಕ್ಕವನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಜಗಳ ಆಡಬೇಡಿ.

ಇದಕ್ಕಿಂತ ನನಗೆ ಭಯ ಹುಟ್ಟಿಸುವುದು ಬೇರೆ. ಜನ ಬೆಳೆಯುವುದಕ್ಕಿಂತ ಜೋರಾಗಿ ನಗರದ ಜಾಗ ಬೆಳೆಯುತ್ತಿದೆ. ವಿಶ್ವಸಂಸ್ಥೆ ಹಾಕಿಕೊಂಡ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 11ನೆಯದು ನಗರಗಳದ್ದು, ಅದರಲ್ಲಿ ಇದಕ್ಕೆ ಅಂತಲೇ ಒಂದು ಅಳತೆಗೋಲು ಇಟ್ಟಿದ್ದಾರೆ. ಜನರನ್ನು ತಡೆಯಲು ಹಾಕುವ ಶ್ರಮದ ಕಾಲುಭಾಗವನ್ನು, ರಸ್ತೆಗೆ, ನೀರಿಗೆ, ಬಯಲಿಗೆ ಮುಂಚೆಯೇ ಜಾಗ ಬಿಟ್ಟಿಡಲು ಹಾಕಿ ಅನ್ನುವುದು ನನ್ನ ವಾದ. ಬೈಯುವವರು ಬೈಯಿರಿ.

ಸಂಜೆಬಸ್ಸು:
ಬೈಯುವುದಿಲ್ಲ ಸರ್, ಒಪ್ಪುವುದೂ ಇಲ್ಲ. ದಿನಾ ಸಂಜೆ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ಬರುವವನಿಗೆ ಈ ಮೂರು ಬಾಗಿಲಿನ ಲೆಕ್ಕ ಸಮಾಧಾನ ಕೊಡುವುದಿಲ್ಲ. ಬರುವವರು ಬರುತ್ತಲೇ ಇದ್ದಾರೆ. ಭೂಮಿ ಅಣ್ಣತಮ್ಮಂದಿರಲ್ಲಿ ಹಂಚಿ ಹಂಚಿ ಚೂರಾಗಿದೆ, ಹತ್ತು ಜನ ಮಾಡುತ್ತಿದ್ದ ಕೊಯ್ಲನ್ನು ಒಂದು ಯಂತ್ರ ಮಾಡುತ್ತದೆ, ಮಳೆಯನ್ನು ನಂಬುವ ಹಾಗಿಲ್ಲ. ಹಳ್ಳಿಯಲ್ಲೇ ಕೆಲಸ ಕೊಟ್ಟರೆ ಯಾರು ಬರುತ್ತಾರೆ? ಅದನ್ನು ಮಾಡುವುದು ಬಿಟ್ಟು ನಗರದಲ್ಲಿ ಜಾಗ ಬಿಟ್ಟಿಡುತ್ತೇನೆ ಅಂದರೆ, ಬನ್ನಿ ಬನ್ನಿ ಅಂತ ಕರೆದ ಹಾಗೆ ಅಲ್ವಾ?

ಬಾಡಿಗೆಮನೆ:
ಹಾಗೆ ಬಂದವರಲ್ಲಿ ನಾನೂ ಒಬ್ಬಳು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಕೆಲಸ ಹುಡುಕಿಕೊಂಡು ಬಂದೆ ಅಂದರೆ ಅದು ಪೂರ್ತಿ ನಿಜ ಅಲ್ಲ. ಊರಲ್ಲೂ ಒಂದು ಕೆಲಸ ಇತ್ತು. ಒಂದೇ ಒಂದು ಇತ್ತು, ಅದೇ ತೊಂದರೆ. ಅದು ಹೋದರೆ ಇನ್ನೊಂದು ಇರಲಿಲ್ಲ. ನಗರದಲ್ಲಿ ಈ ಕೆಲಸ ಹೋದರೆ ಮುಂದಿನ ಬೀದಿಯಲ್ಲಿ ಕೇಳಬಹುದು. ನನ್ನವರಿಗೂ ನನಗೂ ಒಂದೇ ಊರಲ್ಲಿ ಕೆಲಸ ಸಿಗಬೇಕು ಅಂದರೆ ದೊಡ್ಡ ನಗರವೇ ಆಗಬೇಕಿತ್ತು. ಆಲ್ಫ್ರೆಡ್ ಮಾರ್ಷಲ್ ಅನ್ನುವ ಅರ್ಥಶಾಸ್ತ್ರಜ್ಞ 1890ರಲ್ಲೇ ಇದನ್ನು ಹೇಳಿದ್ದಾರೆ. ಒಂದೇ ಕಸುಬಿನವರು ಒಂದೇ ಕಡೆ ಸೇರಿದರೆ ಕೆಲಸಗಾರರಿಗೂ ಲಾಭ, ಕೆಲಸ ಕೊಡುವವರಿಗೂ ಲಾಭ, ಕಸುಬಿನ ಗುಟ್ಟು ಗಾಳಿಯಲ್ಲೇ ಹರಡುತ್ತದೆ. ನಗರ ಬೆಳೆಯುವುದು ಮುಖ್ಯವಾಗಿ ಇದರಿಂದಲೇ.

1970ರಲ್ಲಿ ಹ್ಯಾರಿಸ್ ಮತ್ತು ಟೊಡಾರೊ ಅನ್ನುವ ಇಬ್ಬರು ಇನ್ನೊಂದು ಮಾತು ಸೇರಿಸಿದರು. ಜನ ಹೊರಡುವುದು ಈಗ ಸಿಗುವ ಕೂಲಿ ನೋಡಿ ಅಲ್ಲ, ಸಿಗಬಹುದಾದ ಕೂಲಿ ನೋಡಿ. ಅಂದರೆ ನಗರದಲ್ಲಿ ನಿರುದ್ಯೋಗ ಇದ್ದರೂ ಬರುತ್ತಾರೆ. ಬಸ್ಸಿನವರೇ, ಈ ಅಂಶ ನಿಮ್ಮ ಪರವಾಗಿಯೂ ಇದೆ ನೋಡಿ. ನಗರದಲ್ಲಿ ಮಾತ್ರ ಕೆಲಸ ಹೆಚ್ಚಿಸಿದರೆ ಇನ್ನೂ ಜಾಸ್ತಿ ಜನ ಬರುತ್ತಾರೆ ಅನ್ನುವುದು ಅವರದೇ ಮಾತು.

ಮತ್ತೆ ಲೆಕ್ಕಕ್ಕೆ ಸಿಗದ್ದು ಒಂದಿದೆ. ಇಲ್ಲಿ ನಾನು ಯಾರ ಮಗಳು ಅಂತ ಯಾರೂ ಕೇಳುವುದಿಲ್ಲ. ಅದಕ್ಕೆ ಎಷ್ಟು ಬಾಡಿಗೆ ಬೇಕಾದರೂ ಕೊಡಬಹುದು. ಈಗ ಕೊಡುತ್ತಲೂ ಇದ್ದೇನೆ, ಅದು ಬೇರೆ ಕಥೆ.

ನಕ್ಷೆಹುಚ್ಚ:
ಮೇಡಂ, ನಿಮ್ಮ ಮಾತು ಓದಿದ ಮೇಲೆ ನನ್ನ ಪೀಠಿಕೆ ಒಣಗಿಹೋದ ಹಾಗೆ ಕಾಣುತ್ತಿದೆ.

ಸಂಜೆಬಸ್ಸು ಅವರೇ, ತಡೆದು ನೋಡಿದವರ ಕಥೆಯನ್ನೂ ನೋಡಿ. ಚೀನಾ 1958ರಲ್ಲಿ ಹುಕೋ ಅನ್ನುವ, ಯಾರು ಯಾವ ಊರಿನವರು ಅಂತ ಬರೆದಿಡುವ ನೋಂದಣಿಯನ್ನು ಬಿಗಿ ಮಾಡಿತು. ಹಳ್ಳಿಯವನು ಹಳ್ಳಿಯಲ್ಲೇ ಇರಬೇಕು ಅಂತ. ಎಷ್ಟೋ ವರ್ಷ ಅದು ನಡೆಯಿತು. ಕಾರ್ಖಾನೆಗಳು ತೆರೆದ ಮೇಲೆ ಜನ ಬಂದೇ ಬಂದರು. 2020ರ ಜನಗಣತಿಯಲ್ಲಿ ನೋಂದಣಿ ಒಂದು ಕಡೆ, ವಾಸ ಇನ್ನೊಂದು ಕಡೆ ಇದ್ದ ಅಲೆಮಾರಿ ಲೆಕ್ಕದವರು ಸುಮಾರು 37.6 ಕೋಟಿ. ಬರುವುದು ನಿಲ್ಲಲಿಲ್ಲ, ಬಂದವರ ಮಕ್ಕಳಿಗೆ ಶಾಲೆ ಸಿಗುವುದು ಮಾತ್ರ ಕಷ್ಟವಾಯಿತು. ದಕ್ಷಿಣ ಆಫ್ರಿಕಾ ಕಪ್ಪು ಜನರಿಗೆ, ಪರವಾನಗಿ ಪತ್ರ ಇಲ್ಲದೆ ನಗರದಲ್ಲಿ ಇರಬಾರದು ಅನ್ನುವ ಪಾಸ್ ಕಾನೂನು ಹಾಕಿ ನಗರದಿಂದ ದೂರ ಇಟ್ಟಿತ್ತು, 1986ರಲ್ಲಿ ಅದನ್ನು ಕೈಬಿಟ್ಟಿತು. ಆ ದೂರ ಇಟ್ಟ ಜಾಗಗಳಿಂದ ಜನ ಇವತ್ತಿಗೂ ಗಂಟೆಗಟ್ಟಲೆ ಪ್ರಯಾಣ ಮಾಡಿ ಕೆಲಸಕ್ಕೆ ಬರುತ್ತಾರೆ.

ಬ್ರೆಜಿಲ್ ದೇಶದ ಬ್ರೆಸೀಲಿಯಾ ಕಥೆ ನನಗೆ ಇನ್ನೂ ಇಷ್ಟ. ಸುಮಾರು 5 ಲಕ್ಷ ಜನಕ್ಕೆ ಅಂತ ಅಚ್ಚುಕಟ್ಟಾಗಿ ಗೆರೆ ಎಳೆದ ರಾಜಧಾನಿ. ಉದ್ಘಾಟನೆ 1960ರಲ್ಲಿ. ಅದನ್ನು ಕಟ್ಟಲು ಬಂದ ಕೂಲಿಕಾರರಿಗೆ ನಕ್ಷೆಯಲ್ಲಿ ಮನೆಯೇ ಇರಲಿಲ್ಲ. ಅವರಿಗಾಗಿ ತಾಗ್ವಾಟಿಂಗಾ ಅನ್ನುವ ಉಪನಗರ ಮಾಡಬೇಕಾಯಿತು, ಅದು 1958ರಲ್ಲಿ! ರಾಜಧಾನಿ ತೆರೆಯುವುದಕ್ಕೆ ಎರಡು ವರ್ಷ ಮೊದಲೇ ಅದರ ಹೊರವಲಯ ತುಂಬಿತ್ತು. 2022ರ ಜನಗಣತಿಯಲ್ಲಿ ಆ ಇಡೀ ಪ್ರದೇಶದಲ್ಲಿ 28 ಲಕ್ಷ ಜನ.

ಪೈಪಿನವನು:
ನೀರು ಸರಬರಾಜು, ಒಳಚರಂಡಿ ನನ್ನ ಹೊಟ್ಟೆಪಾಡು. ಇಷ್ಟು ಹೊತ್ತು ಎಲ್ಲರೂ ನೆಲದ ಮೇಲಿನ ಮಾತೇ ಆಡುತ್ತಿದ್ದೀರಿ. ಸ್ವಲ್ಪ ಕೆಳಗೆ ಬನ್ನಿ.

ನಮ್ಮ ಕೆಲಸದಲ್ಲಿ ಒಂದು ವರಸೆ ಇದೆ. ಮೊದಲು ರಸ್ತೆಯ ಗೆರೆ, ಆಮೇಲೆ ಅದರ ಕೆಳಗೆ ಕೊಳವೆ, ಆಮೇಲೆ ಮನೆ. ವಾಸ್ತವದಲ್ಲಿ ಉಲ್ಟಾ ನಡೆಯುತ್ತದೆ. ಮನೆ ಬರುತ್ತದೆ, ಜನ ಬರುತ್ತಾರೆ, ಬೋರು ಕೊರೆಸುತ್ತಾರೆ, ಹತ್ತು ವರ್ಷ ಆದ ಮೇಲೆ ನಮ್ಮನ್ನು ಕರೆಯುತ್ತಾರೆ. ಆಗ ಆರು ಅಡಿ ಗಲ್ಲಿಯಲ್ಲಿ ಕೊಳವೆ ಹೂಳಬೇಕು. ಯಾರ ಜಗುಲಿ ಒಡೆಯಬೇಕು ಅನ್ನುವುದೇ ಮೊದಲ ಪ್ರಶ್ನೆ. ಚರಂಡಿ ನೀರು ತಾನಾಗಿ ಇಳಿದು ಹೋಗಲು ಇಳಿಜಾರು ಬೇಕು. ಆ ಇಳಿಜಾರಿನ ದಾರಿಯಲ್ಲೇ ಯಾರೋ ಮಹಡಿ ಕಟ್ಟಿರುತ್ತಾರೆ. ಆಗ ಪಂಪು, ಪಂಪಿಗೆ ಕರೆಂಟು, ಕರೆಂಟು ಹೋದರೆ ಬೀದಿ ತುಂಬಾ ಗಲೀಜು. ಜನ ಬಂದದ್ದರಿಂದ ಈ ಖರ್ಚು ಹುಟ್ಟಲಿಲ್ಲ. ಗೆರೆ ಎಳೆಯದೆ ಬಿಟ್ಟಿದ್ದರಿಂದ ಹುಟ್ಟಿತು. ಅದಕ್ಕೇ ನಕ್ಷೆಯವರ ವಾದಕ್ಕೆ ನನ್ನ ಓಟು.

ಲಂಡನ್ ಮಾತು ಬಂತಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾತ ಹೊಡೆಯಿತು ಅಂದರೆ ಸಂಸತ್ತಿನ ಪರದೆಗಳನ್ನು ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ಅದ್ದಿ ನೇತುಹಾಕಿದ್ದರು. ದೊಡ್ಡವರ ಮೂಗಿಗೆ ಬಿದ್ದ ಮೇಲೆ ಹಣ ಬಿಡುಗಡೆ ಆಯಿತು, ಅದು ಎಲ್ಲ ಕಾಲಕ್ಕೂ ಹಾಗೇ. ಜೋಸೆಫ್ ಬ್ಯಾಜಲ್‌ಗೆಟ್ ಅನ್ನುವ ಎಂಜಿನಿಯರ್, ಆಗ ಇದ್ದ ಜನಸಂಖ್ಯೆಗಿಂತ ಎಷ್ಟೋ ಹೆಚ್ಚು ಜನ ಬರುತ್ತಾರೆ ಅಂತ ಹಿಡಿದು ಒಳಚರಂಡಿ ಕಟ್ಟಿದ. ಇವತ್ತಿಗೂ ಅದು ಕೆಲಸ ಮಾಡುತ್ತಿದೆ. 1866ರಲ್ಲಿ ಕಾಲರಾ ಮತ್ತೆ ಬಂದಾಗ ಹೊಡೆತ ಬಿದ್ದದ್ದು ಊರಿನ ಪೂರ್ವ ಭಾಗಕ್ಕೆ. ಆ ಕಡೆಯ ಚರಂಡಿ ಕೆಲಸ ಇನ್ನೂ ಮುಗಿದಿರಲಿಲ್ಲ.

ಇನ್ನು ಅಂತರ್ಜಲ. ಕೊಳವೆ ನೀರು ಮುಟ್ಟದ ಕಡೆ ಜನ ನೆಲದಿಂದ ಎತ್ತುತ್ತಾರೆ, ತಪ್ಪು ಅನ್ನಲಾಗುವುದಿಲ್ಲ. ಆದರೆ ಕೆಳಗಿನ ಜೇಡಿಪದರ ನೀರು ಕಳೆದುಕೊಂಡರೆ ಹಿಂಡಿದ ಸ್ಪಂಜಿನ ಹಾಗೆ ಕುಗ್ಗುತ್ತದೆ, ಮತ್ತೆ ಉಬ್ಬುವುದಿಲ್ಲ. ಜಕಾರ್ತಾದ ಉತ್ತರ ಭಾಗ, ಮೆಕ್ಸಿಕೊ ಸಿಟಿ ಎರಡೂ ಹೀಗೇ ಕುಸಿಯುತ್ತಿವೆ. ಟೋಕಿಯೊ ಕೂಡ ಕುಸಿಯುತ್ತಿತ್ತು. 1960-70ರ ದಶಕಗಳಲ್ಲಿ ಕಾರ್ಖಾನೆಗಳು, ಕಟ್ಟಡಗಳು ಅಂತರ್ಜಲ ಎತ್ತುವುದಕ್ಕೆ ಕಡಿವಾಣ ಹಾಕಿ, ನದಿ ನೀರು ಕೊಟ್ಟರು. ಕುಸಿತ ಬಹುಮಟ್ಟಿಗೆ ನಿಂತಿತು. ಬದಲಿ ನೀರು ಕೊಡದೆ ಬೋರಿಗೆ ಬೀಗ ಹಾಕಿದರೆ ಜನ ರಾತ್ರಿ ಹೊತ್ತು ಕೊರೆಸುತ್ತಾರೆ, ಅಷ್ಟೆ.

ಸಂಜೆಬಸ್ಸು:
ಪೈಪಣ್ಣ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ನೀರು ಮುಗಿಯುತ್ತಾ ಬಂದ ಕಥೆ ಏನು ಹಾಗಾದರೆ? ಅಲ್ಲಿ ಅಣೆಕಟ್ಟೆ, ಕೊಳವೆ ಎಲ್ಲ ಇತ್ತಲ್ಲ.

ಪೈಪಿನವನು:
ಇತ್ತು. ಮೂರು ವರ್ಷ ಮಳೆ ಕೈಕೊಟ್ಟಿತು. 2018ರ ಫೆಬ್ರವರಿಯಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದರು. ನಲ್ಲಿ ಬಂದ್ ಆಗುವ ದಿನಕ್ಕೆ 'ಡೇ ಜೀರೊ' ಅಂತ ಹೆಸರಿಟ್ಟು ದಿನಾಂಕ ಸಾರಿದರು. ಜನ ಬಳಕೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿದರು, ಮಳೆಯೂ ಬಂತು, ಆ ದಿನ ಬರಲಿಲ್ಲ. ಒಂದೇ ಮೂಲವನ್ನು, ಅದೂ ಮಳೆ ತುಂಬಿಸುವ ಅಣೆಕಟ್ಟೆಗಳನ್ನು ನಂಬಿ ಕೂತದ್ದು ಅಲ್ಲಿನ ತೊಂದರೆ. ಸಿಂಗಪುರ ನೋಡಿ, 2003ರಿಂದ ಬಳಸಿದ ನೀರನ್ನೇ ಮತ್ತೆ ಶುದ್ಧ ಮಾಡಿ 'ನ್ಯೂವಾಟರ್' ಅಂತ ಕೊಡುತ್ತಿದೆ. ಮಳೆ, ಹೊರಗಿನಿಂದ ತಂದದ್ದು, ಸಮುದ್ರದ್ದು, ಬಳಸಿದ್ದು ಅಂತ ನಾಲ್ಕು ಕಾಲಿನ ಮೇಲೆ ನಿಂತಿದೆ.

ಕೆರೆದಂಡೆ:
ಎಲ್ಲರೂ ನಕ್ಷೆಯವರ ಬೆನ್ನು ತಟ್ಟುವ ಹೊತ್ತಿಗೆ ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ. ಮೊದಲೇ ಜಾಗ ಬಿಟ್ಟಿಡಿ ಅಂತೀರಿ. ಯಾವ ಜಾಗ? ಗದ್ದೆ, ತೋಟ, ಜೌಗು. ನಗರದ ಅಂಚಿನಲ್ಲಿ ಖಾಲಿ ಅಂತ ನಕ್ಷೆಯಲ್ಲಿ ತೋರುವುದೆಲ್ಲ ಖಾಲಿ ಅಲ್ಲ. ಮಳೆ ನೀರು ಹೋಗಿ ಕೂರುವ ಜಾಗ ಅದು. ಅಲ್ಲಿ ಸಾಲು ರಸ್ತೆ ಎಳೆದುಬಿಟ್ಟರೆ, ನೆರೆ ಬಂದಾಗ ನಿಮ್ಮ ಚೌಕದ ಬೀದಿಯಲ್ಲೇ ದೋಣಿ ಬಿಡಬೇಕು.

2011ರ ಜುಲೈ 2ರಂದು ಕೋಪನ್‌ಹೇಗನ್‌ನಲ್ಲಿ ಎರಡು ಗಂಟೆಯಲ್ಲಿ ಕೆಲವು ಕಡೆ 150 ಮಿಲಿಮೀಟರ್‌ವರೆಗೂ ಮಳೆ ಸುರಿಯಿತು. ಒಳಚರಂಡಿ ಉಕ್ಕಿ ನೆಲಮಾಳಿಗೆಗಳು ತುಂಬಿದವು. ಆಮೇಲೆ ಅವರು ದೊಡ್ಡ ಕೊಳವೆ ಹಾಕುವುದೊಂದನ್ನೇ ನಂಬಲಿಲ್ಲ. ಪಾರ್ಕುಗಳನ್ನು ತಗ್ಗಿಸಿದರು, ಕೆಲವು ಬೀದಿಗಳನ್ನೇ ನೀರು ಹರಿಯುವ ಹಾಗೆ ಇಳಿಜಾರು ಮಾಡಿದರು. ಎಂಗಾವೆ ಪಾರ್ಕ್ ಒಂದೇ ಸುಮಾರು 22,600 ಘನ ಮೀಟರ್ ನೀರು ಹಿಡಿಯುತ್ತದೆ. ಉಳಿದ ದಿನ ಮಕ್ಕಳು ಅಲ್ಲಿ ಆಡುತ್ತಾರೆ.

ನಗರದ ಸುತ್ತ ಹಸಿರು ಪಟ್ಟಿ, ಅಂದರೆ ಕಟ್ಟಡ ಕಟ್ಟಲು ಬಿಡದ ಹಸಿರು ಜಾಗದ ಉಂಗುರ, ಇರಬೇಕು ಅನ್ನುವ ಪಕ್ಷ ನನ್ನದು. ದಕ್ಷಿಣ ಕೊರಿಯಾದ ಸೋಲ್ ನಗರ 1971ರಲ್ಲಿ ಹಾಗೆ ಮಾಡಿತು. ಇವತ್ತು ಅಲ್ಲಿ ಊರಿನ ಅಂಚಿನಲ್ಲಿ ಬೆಟ್ಟ, ಕಾಡು ಉಳಿದಿದ್ದರೆ ಅದಕ್ಕೆ ಆ ಪಟ್ಟಿಯೂ ಕಾರಣ.

ಬಾಡಿಗೆಮನೆ:
ಕೆರೆದಂಡೆ ಅವರೇ, ಆ ಪಟ್ಟಿಯ ಒಳಗೆ ಬಾಡಿಗೆ ಏನಾಯಿತು ಅಂತಲೂ ಹೇಳಿ. ಒಳಗೆ ಜಾಗ ತುಟ್ಟಿಯಾಯಿತು, ಜನ ಪಟ್ಟಿಯನ್ನು ಹಾರಿ ಆಚೆ ಹೋದರು. ಪಟ್ಟಿಯ ಆಚೆ ಹೊಸ ಪಟ್ಟಣಗಳನ್ನೇ ಕಟ್ಟಬೇಕಾಯಿತು. ಅಲ್ಲಿಂದ ಹಸಿರನ್ನು ದಾಟಿಕೊಂಡು ಕೆಲಸಕ್ಕೆ ಬಂದರು. ಕಾಡು ಉಳಿಯಿತು ನಿಜ, ಪೆಟ್ರೋಲು ಸುಟ್ಟಿತು.

ಪಟ್ಟಿ ಬೇಡ ಅಂತ ನಾನು ಹೇಳುತ್ತಿಲ್ಲ. ಪಟ್ಟಿ ಹಾಕಿದರೆ ಒಳಗೆ ಮಹಡಿ ಏರಿಸಲು ಬಿಡಬೇಕು, ಬಡವರಿಗೆ ಮನೆ ಕಟ್ಟಬೇಕು. ವಿಯೆನ್ನಾ 1920ರ ದಶಕದಿಂದ ಅದನ್ನೇ ಮಾಡಿಕೊಂಡು ಬಂದಿದೆ. ಅಲ್ಲಿನ ಹೆಚ್ಚುಕಡಿಮೆ ಅರ್ಧ ಜನ ನಗರಸಭೆಯ ಮನೆಯಲ್ಲೋ, ಸರ್ಕಾರದ ನೆರವಿನ ಮನೆಯಲ್ಲೋ ಇದ್ದಾರೆ. ನಗರಸಭೆಯ ಮನೆಗಳೇ 2 ಲಕ್ಷಕ್ಕೂ ಮೇಲಿವೆ. ಮೇಷ್ಟ್ರು, ಡ್ರೈವರು, ಡಾಕ್ಟ್ರು ಒಂದೇ ಮೆಟ್ಟಿಲು ಹತ್ತುತ್ತಾರೆ ಅನ್ನುವುದು ನನಗೆ ಅದರಲ್ಲಿ ಹಿಡಿಸಿದ್ದು.

ನನ್ನ ಅನುಭವ ಹೇಳಬೇಕಾ? ನಾವಿದ್ದ ಬೀದಿಯ ತುದಿಯಲ್ಲಿ ಕೊಳೆತು ನಾರುತ್ತಿದ್ದ ಹೊಂಡವನ್ನು ಚೆಂದದ ಉದ್ಯಾನ ಮಾಡಿದರು. ಎರಡೇ ವರ್ಷ. ಮನೆ ಓನರ್ ಬಾಡಿಗೆ ಏರಿಸಿದರು, ನಾವು ಖಾಲಿ ಮಾಡಿದೆವು. ಆ ಉದ್ಯಾನದಲ್ಲಿ ಈಗ ನಡೆಯುವವರು ಬೇರೆಯವರು.

ಕೆರೆದಂಡೆ:
ಈ ಕೊನೆಯ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಮೇಡಂ. ನೀರು, ಮರ ಉಳಿಸುವವರು ಬಾಡಿಗೆ ಬಗ್ಗೆ ಯೋಚಿಸುವುದು ಕಡಿಮೆ, ಒಪ್ಪುತ್ತೇನೆ.

ಸಂಜೆಬಸ್ಸು:
ಸರಿ, ತಡೆಯುವ ವಾದವನ್ನು ಸದ್ಯಕ್ಕೆ ಕಟ್ಟಿ ಇಡುತ್ತೇನೆ. ಆದರೆ ಹಳ್ಳಿಗೆ ಕೆಲಸ ಅನ್ನುವುದನ್ನು ಬಿಡಲ್ಲ. ಈಗ ನನ್ನ ಬಸ್ಸಿಗೆ ಬರೋಣ. ರಸ್ತೆ ಅಗಲ ಮಾಡಿದರೆ ಸರಿಹೋಗುತ್ತದೆ ಅನ್ನುವವರಿಗೆ ನನ್ನದೊಂದು ಲೆಕ್ಕ.

ಚೆಸಾರೆ ಮಾರ್ಕೆಟ್ಟಿ ಅನ್ನುವ ಇಟಲಿಯ ಭೌತವಿಜ್ಞಾನಿ 1994ರಲ್ಲಿ ಬರೆದದ್ದು: ಕಾಲ ಯಾವುದಾದರೂ ಮನುಷ್ಯ ದಿನಕ್ಕೆ ಸುಮಾರು ಒಂದು ಗಂಟೆ ಓಡಾಟಕ್ಕೆ ಕೊಡುತ್ತಾನೆ. ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ. ನಡೆಯುವ ಕಾಲದಲ್ಲಿ ಅರ್ಧ ಗಂಟೆಗೆ ಎರಡೂವರೆ ಕಿಲೋಮೀಟರ್. ಹಳೇ ನಗರಗಳ ಕೋಟೆ ನೋಡಿ, ಬಹುಪಾಲು ಅಷ್ಟರೊಳಗೇ. ಗಂಟೆಗೆ 40 ಕಿಲೋಮೀಟರ್ ಹೋಗುವ ಕಾರು ಬಂದರೆ ಅದು 20 ಕಿಲೋಮೀಟರ್. ದೂರ ಎಂಟು ಪಟ್ಟು, ಜಾಗ 64 ಪಟ್ಟು! ನಕ್ಷೆಯವರು ಹೇಳಿದ, ಜನಕ್ಕಿಂತ ಜಾಗ ಜೋರಾಗಿ ಬೆಳೆಯುವ ಕಥೆಯ ದೊಡ್ಡ ಪಾಲು ಇಲ್ಲೇ ಇದೆ. ರಸ್ತೆ ಅಗಲ ಮಾಡಿದರೆ ಸಮಯ ಉಳಿಯುವುದಿಲ್ಲ, ಜನ ಇನ್ನೂ ದೂರ ಹೋಗಿ ಮನೆ ಕಟ್ಟುತ್ತಾರೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ ಅನ್ನುವ ಹೆದ್ದಾರಿಯನ್ನು 2008ರ ಹೊತ್ತಿಗೆ ಪಕ್ಕದ ರಸ್ತೆ ಸೇರಿ ಕೆಲವು ಕಡೆ ವಾಹನಗಳ 26 ಸಾಲು ಹೋಗುವಷ್ಟು ಅಗಲ ಮಾಡಿದರು. ಕೆಲವೇ ವರ್ಷದಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣ ಮತ್ತೆ ಉದ್ದವಾಯಿತು.

ಬ್ರೆಜಿಲ್‌ನ ಕುರಿಟಿಬಾ ನಗರ 1974ರಲ್ಲಿ ಇದನ್ನು ತಿರುಗಿಸಿತು. ಬಸ್ಸಿಗೆ ಮಾತ್ರ ಅಂತ ದಾರಿ ಬಿಟ್ಟು, ಎತ್ತರದ ಕಟ್ಟಡಗಳಿಗೆ ಆ ದಾರಿಯ ಉದ್ದಕ್ಕೂ ಅನುಮತಿ ಕೊಟ್ಟರು. ಮೆಟ್ರೊಗೆ ಹಾಕುವ ಹಣದ ಸಣ್ಣ ಪಾಲಿನಲ್ಲಿ ಆಯಿತು. ಬಸ್ಸು ಎಲ್ಲಿ ಹೋಗುತ್ತದೆ ಅಂತ ಮೊದಲು ನಿರ್ಧಾರ, ಆಮೇಲೆ ಮಹಡಿ. ನೋಡಿ, ನನಗೆ ಗೊತ್ತಿಲ್ಲದ ಹಾಗೇ ನಕ್ಷೆಯವರ ಪಕ್ಷ ಸೇರಿಬಿಟ್ಟೆ.

ಕೆರೆದಂಡೆ:
ಹಾಗೇ ರಸ್ತೆ ತೆಗೆದವರದ್ದೂ ಇದೆ. ಸೋಲ್‌ನಲ್ಲಿ ಚೊಂಗ್ಗ್ಯೆಚೊನ್ ಹೊಳೆಯನ್ನು ಮುಚ್ಚಿ ಅದರ ಮೇಲೆ ಮೇಲುರಸ್ತೆ ಕಟ್ಟಿದ್ದರು. 2003ರಲ್ಲಿ ಅದನ್ನು ಒಡೆಯಲು ಶುರು ಮಾಡಿ, 2005ರಲ್ಲಿ 5.8 ಕಿಲೋಮೀಟರ್ ಹೊಳೆಯನ್ನು ಮತ್ತೆ ತೆರೆದರು. ಸಂಚಾರ ಕುಸಿದುಬೀಳುತ್ತದೆ ಅಂದಿದ್ದರು, ಬೀಳಲಿಲ್ಲ. ಆದರೆ ಅದನ್ನು ಹೊಳೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನೀರಿನ ಬಹುಪಾಲನ್ನು ಹಾನ್ ನದಿಯಿಂದ ಪಂಪು ಮಾಡಿ ಬಿಡುತ್ತಾರೆ. ಚೆಂದದ ಕಾರಂಜಿ ಅನ್ನಿ.

ಹೊಸಬ:
ಸುಮ್ನೆ ಓದುತ್ತಿದ್ದೆ. ಒಂದು ಪ್ರಶ್ನೆ. ಮೊದಲೇ ದೊಡ್ಡದಾಗಿ ಕಟ್ಟಿಟ್ಟು, ಜನ ಬರದೇ ಹೋದರೆ?

ಪೈಪಿನವನು:
ಒಳ್ಳೇ ಪ್ರಶ್ನೆ ತಮ್ಮ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 1950ರಲ್ಲಿ 18.5 ಲಕ್ಷ ಜನ ಇದ್ದರು, 2020ರಲ್ಲಿ 6.4 ಲಕ್ಷ. ಕೊಳವೆ, ದೀಪ, ರಸ್ತೆ ಎಲ್ಲ 18 ಲಕ್ಷದವರದ್ದು, ತೆರಿಗೆ ಕಟ್ಟುವವರು ಆರು ಲಕ್ಷ. 2013ರಲ್ಲಿ ನಗರಸಭೆ ದಿವಾಳಿ ಅರ್ಜಿ ಹಾಕಿತು. ಕೊಳವೆ ದೊಡ್ಡದಾಗಿ ನೀರು ಕಡಿಮೆಯಾದರೆ ನೀರು ಒಳಗೇ ನಿಂತು ಹಾಳಾಗುತ್ತದೆ ಕೂಡ. ಹಾಗಾಗಿ ನಾನು ಕಟ್ಟಿಡಿ ಅನ್ನುವುದಿಲ್ಲ, ಜಾಗ ಬಿಟ್ಟಿಡಿ ಅನ್ನುತ್ತೇನೆ. ಗೆರೆ ಎಳೆಯುವುದಕ್ಕೆ ಖರ್ಚು ಕಡಿಮೆ. ಕೊಳವೆಯನ್ನು ಜನ ಬರುವ ಹಿಂದಿನ ವರ್ಷ ಹೂಳಬಹುದು.

ನಕ್ಷೆಹುಚ್ಚ:
ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ ನ್ಯೂಯಾರ್ಕ್. 1811ರಲ್ಲಿ ಮ್ಯಾನ್‌ಹಟನ್‌ನ 155ನೇ ಬೀದಿವರೆಗೂ ನಕ್ಷೆ ಬರೆದರು. ಆಗ ಅಲ್ಲಿದ್ದವರು ಒಂದು ಲಕ್ಷಕ್ಕೂ ಕಡಿಮೆ ಜನ, ಎಲ್ಲ ದ್ವೀಪದ ಕೆಳತುದಿಯಲ್ಲಿ. ಉಳಿದದ್ದು ಹೊಲ, ಬಂಡೆ, ಹೊಳೆ. ನಗುವವರು ನಕ್ಕರು. ನೂರು ವರ್ಷದಲ್ಲಿ ತುಂಬಿತು.

ಕೆರೆದಂಡೆ:
ಆ ನಕ್ಷೆಯಲ್ಲಿ ಹೇಳಿಕೊಳ್ಳುವಂಥ ಪಾರ್ಕೇ ಇರಲಿಲ್ಲ, ಅದನ್ನೂ ಹೇಳಿ. 1853ರಲ್ಲಿ ಕಾನೂನು ಮಾಡಿ ಸೆಂಟ್ರಲ್ ಪಾರ್ಕಿಗೆ ಜಾಗ ಹಿಡಿಯಬೇಕಾಯಿತು. ಆ ಜಾಗದಲ್ಲಿ ಸೆನೆಕಾ ವಿಲೇಜ್ ಅಂತ ಕಪ್ಪು ಜನರ ನೆಲೆ ಇತ್ತು, ಸ್ವಂತ ಮನೆ, ಚರ್ಚು, ಶಾಲೆ ಎಲ್ಲ ಇತ್ತು. 1857ರ ಹೊತ್ತಿಗೆ ಎಲ್ಲರನ್ನೂ ಎಬ್ಬಿಸಿದರು.

ನಕ್ಷೆಹುಚ್ಚ:
ಹೌದು. ಗೆರೆ ಎಳೆಯುವಾಗ ಬಯಲಿಗೆ ಜಾಗ ಬಿಟ್ಟಿದ್ದರೆ ಅದು ಬೇಕಾಗುತ್ತಿರಲಿಲ್ಲ. ನನ್ನ ಮೊದಲ ಬರಹದಲ್ಲಿ ರಸ್ತೆ ಮುಂದೆ ಇತ್ತು, ಬಯಲು ಹಿಂದೆ ಇತ್ತು. ನಿಮ್ಮ ಮಾತು ಕೇಳಿದ ಮೇಲೆ ನೀರು ಕೂರುವ ತಗ್ಗನ್ನು ಮೊದಲು ಗುರುತು ಮಾಡಿ ಆಮೇಲೆ ರಸ್ತೆ ಎಳೆಯಬೇಕು ಅಂತ ತಿದ್ದಿಕೊಳ್ಳುತ್ತೇನೆ.

ಸಂಜೆಬಸ್ಸು:
ಎಲ್ಲ ಸರಿ, ಜಾಗ ಬಿಡುವವರು ಯಾರು? ರೈತನ ಹೊಲದ ಮಧ್ಯೆ ಗೆರೆ ಎಳೆದು, ಇದು ಮುಂದೆ ರಸ್ತೆ ಅಂದರೆ ಅವನು ಸುಮ್ಮನಿರುತ್ತಾನಾ?

ನಕ್ಷೆಹುಚ್ಚ:
ಇದಕ್ಕೊಂದು ಹಳೇ ದಾರಿ ಇದೆ. 1902ರಲ್ಲಿ ಫ್ರಾಂಕ್‌ಫರ್ಟ್‌ಗೆ ಅಂತ ಒಂದು ಕಾನೂನು ಬಂತು, ಅಲ್ಲಿನ ಮೇಯರ್ ಆಡಿಕೆಸ್ ಹೆಸರಲ್ಲೇ ಕರೆಯುತ್ತಾರೆ. ಅಕ್ಕಪಕ್ಕದ ಒಡೆಯರ ಜಾಗವನ್ನೆಲ್ಲ ಕಾಗದದ ಮೇಲೆ ಒಟ್ಟು ಮಾಡಿ, ರಸ್ತೆ, ಬಯಲಿಗೆ ಒಂದು ಪಾಲು ತೆಗೆದು, ಉಳಿದದ್ದನ್ನು ನೇರ ಚೌಕಗಳಾಗಿ ಮಾಡಿ ಅವರವರಿಗೇ ಹಿಂತಿರುಗಿಸುವುದು. ಜಾಗ ಕಡಿಮೆಯಾಗುತ್ತದೆ, ರಸ್ತೆ ಬಂದದ್ದರಿಂದ ಬೆಲೆ ಏರುತ್ತದೆ. ಯಾರನ್ನೂ ಎಬ್ಬಿಸಬೇಕಾಗಿಲ್ಲ. ಜಪಾನ್ ಇದನ್ನು ಕಲಿತು, 1923ರ ಭೂಕಂಪದ ಮೇಲೆ ಟೋಕಿಯೊವನ್ನು ಮತ್ತೆ ಕಟ್ಟುವಾಗ ದೊಡ್ಡದಾಗಿ ಬಳಸಿತು.

ಬಾಡಿಗೆಮನೆ:
ಆ ಹೊಲದಲ್ಲಿ ಗುತ್ತಿಗೆಗೆ ಉಳುವವನಿಗೆ, ಅಂಚಿನಲ್ಲಿ ಶೀಟಿನ ಮನೆಯಲ್ಲಿ ಬಾಡಿಗೆಗೆ ಇರುವವಳಿಗೆ ಯಾವ ಚೌಕ ಕೊಡುತ್ತೀರಿ?

ನಕ್ಷೆಹುಚ್ಚ:
ಲೆಕ್ಕ ಶುರುವಾಗುವುದೇ ಜಾಗದ ಒಡೆಯರಿಂದ ಮೇಡಂ. ಬೆಲೆ ಏರಿದ ಲಾಭ ಅವರದ್ದು. ನೀವು ಹೇಳಿದ ವಿಯೆನ್ನಾ ಮನೆಗಳಿಗೆ ಅಂತ ಆ ಒಟ್ಟು ಜಾಗದಿಂದಲೇ ಇನ್ನೊಂದು ಪಾಲು ತೆಗೆಯಬೇಕು, ರಸ್ತೆಗೆ ತೆಗೆದ ಹಾಗೇ, ಅದೇ ದಿನ. ಎಷ್ಟು ಪಾಲು ಅಂತ ಕೇಳಿದರೆ ಒಡೆಯರೂ ನೀವೂ ಬೇರೆಬೇರೆ ಅಂಕಿ ಹೇಳುತ್ತೀರಿ. ನಿಮ್ಮ ಅಂಕಿ ಎಷ್ಟು?

ಬಾಡಿಗೆಮನೆ:
ಬಯಲಿಗೆ ಎಷ್ಟು ಬಿಡುತ್ತೀರೋ ಅಷ್ಟು. ಅದೂ ಬಯಲಿನ ಪಕ್ಕದಲ್ಲೇ ಇರಲಿ, ಈ ಸಲ.